ಗೊಂದಲ ಯಾರದ್ದು?

ಕಳೆದ ಮಳೆಗಾಲದಲ್ಲಿ ಅಜ್ಜನ ಜೊತೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಎಂಬತ್ತು ದಾಟಿದ ಅಜ್ಜ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟರು. ಆ ಕಡೆ ಕೂತವರು ಎರಡು ಹಾಳೆ ತಿರುವಿ, ‘ಯಜಮಾನ್ರೇ, ಇದ್ರಲ್ಲಿ ಸ್ವಲ್ಪ ಗೊಂದಲ ಇದೆ. ಮುಂದಿನ ತಿಂಗಳು ಬನ್ನಿ’ ಅಂದರು. ಒರಟಾಗಿ ಹೇಳಲಿಲ್ಲ, ಮರ್ಯಾದೆಯಿಂದಲೇ ಹೇಳಿದರು. ಅಜ್ಜ ‘ಆಯ್ತು ಸ್ವಾಮಿ’ ಎಂದು ಕಾಗದಗಳನ್ನು ಮತ್ತೆ ಸುತ್ತಿದರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅವರು ಹೇಳಿದ್ದು ಇಷ್ಟು: ‘ಅಲ್ಲ ಮಾರಾಯ, ನಂಗೇನೂ ಗೊಂದಲ ಇಲ್ಲ. ಊರು ಮುಳುಗ್ತದೆ ಅಂದ್ರು. ಲಾರಿ ಹತ್ತಿಸಿದ್ರು. ಕಾಡಲ್ಲಿ ಇಳಿಸಿದ್ರು. ಇದ್ರಲ್ಲಿ ಗೊಂದಲ ಎಲ್ಲಿಂದ ಬಂತು?’

ನನ್ನ ಬಳಿ ಉತ್ತರ ಇರಲಿಲ್ಲ. ನಾನು ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಮಲೆನಾಡಿನ ಮುಳುಗಡೆಯ ಕಥನಗಳೇ ನನ್ನ ವಿಷಯ. ಆ ರಾತ್ರಿ ನನ್ನ ಪ್ರಬಂಧದ ಒಂದು ಅಧ್ಯಾಯ ತೆರೆದು ‘ಗೊಂದಲ’ ಎಂಬ ಪದ ಹುಡುಕಿದೆ. 17 ಬಾರಿ ಇತ್ತು. ನಾಯಕನ ಮನಸ್ಸಿನಲ್ಲಿ ಗೊಂದಲ, ದಾಖಲೆಗಳಲ್ಲಿ ಗೊಂದಲ, ಕಾನೂನಿನಲ್ಲಿ ಗೊಂದಲ, ಸಮುದಾಯದಲ್ಲಿ ಗೊಂದಲ. ಇಂಗ್ಲಿಷ್ ಲೇಖನಗಳಿಂದ ಅನುವಾದಿಸಿಕೊಂಡ ಟಿಪ್ಪಣಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿದಾಗ ಇನ್ನೂ ನಾಚಿಕೆಯಾಯಿತು. ಅಲ್ಲಿ ಐದಾರು ಬೇರೆ ಬೇರೆ ಪದಗಳಿದ್ದವು. ಕನ್‌ಫ್ಯೂಷನ್, ಪರ್ಪ್ಲೆಕ್ಸಿಟಿ, ಬಿವಿಲ್ಡರ್ಮೆಂಟ್, ಆಂಬಿಗ್ಯುಇಟಿ, ಡಿಲೆಮಾ, ಮಡ್ಲ್. ಎಲ್ಲವನ್ನೂ ನಾನು ಒಂದೇ ಚೀಲಕ್ಕೆ ತುಂಬಿ ‘ಗೊಂದಲ’ ಎಂದು ಚೀಟಿ ಅಂಟಿಸಿದ್ದೆ. ಕಚೇರಿಯ ಮೇಜಿನ ಆ ಬದಿಯಲ್ಲಿ ಕೂತವರು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಹಾಗಾಗಿ ಈ ಜಗಳ ಮೊದಲು ನನ್ನ ಜೊತೆ, ಆಮೇಲೆ ನಮ್ಮೆಲ್ಲರ ಜೊತೆ. ‘ಗೊಂದಲಕ್ಕೆ ತೆರೆ’, ‘ಗೊಂದಲದ ಗೂಡಾದ ಸಭೆ’ ಎಂದು ತಲೆಬರಹ ಕೊಡುವ ಪತ್ರಕರ್ತರು, ‘ಪಾತ್ರದ ಗೊಂದಲಗಳು’ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು, ಅದಕ್ಕೆ ಅಂಕ ಕೊಡುವ ಮೇಷ್ಟ್ರುಗಳು, ನನ್ನಂಥ ಅನುವಾದಕರು, ಎಲ್ಲರೂ ಇದರಲ್ಲಿ ಪಾಲುದಾರರು. ನನ್ನ ವಾದ ಸರಳವಾದದ್ದು. ಬೇರೆ ಬೇರೆ ತೊಡಕುಗಳನ್ನು ಗೊಂದಲ ಎಂಬ ಒಂದೇ ಪದದಿಂದ ಕರೆಯುವುದು ಬರೀ ಸೋಮಾರಿತನವಲ್ಲ. ಅದು ತಪ್ಪು ಮಾಡಿದವರನ್ನು ವಾಕ್ಯದಿಂದ ಹೊರಗೆ ಕಳಿಸುವ ಕೆಲಸ.

ಮೊದಲು ಆ ಇಂಗ್ಲಿಷ್ ಪದಗಳನ್ನೇ ನೋಡೋಣ. ಅವು ಸಮಾನಾರ್ಥಕಗಳೆಂದು ನಮಗೆ ಶಾಲೆಯಲ್ಲಿ ಕಲಿಸಿದರು. ಬೇರು ನೋಡಿದರೆ ಒಂದೊಂದೂ ಒಂದೊಂದು ಚಿತ್ರ. ಕನ್‌ಫ್ಯೂಷನ್ ಲ್ಯಾಟಿನ್ನಿನಿಂದ ಬಂದದ್ದು, ಒಟ್ಟಿಗೆ ಸುರಿಯುವುದು ಎಂದರ್ಥ. ಬೇರೆ ಬೇರೆ ಇರಬೇಕಾದವು ಒಂದೇ ಪಾತ್ರೆಗೆ ಬಿದ್ದಿವೆ. ಪರ್ಪ್ಲೆಕ್ಸಿಟಿಯ ಬೇರಿನಲ್ಲಿರುವುದು ಹೆಣಿಗೆ, ಜಡೆ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಿವಿಲ್ಡರ್ಮೆಂಟಿನೊಳಗೆ ಕಾಡಿದೆ, ದಾರಿ ತಪ್ಪಿದ ಮನುಷ್ಯನಿದ್ದಾನೆ. ಆಂಬಿಗ್ಯುಇಟಿ ಎಂದರೆ ಒಂದೇ ಮಾತು ಎರಡು ಕಡೆಗೂ ಹೋಗುವುದು. ಡಿಲೆಮಾ ಗ್ರೀಕ್ ಪದ. ಎದುರಿಗೆ ಎರಡು ದಾರಿ, ಎರಡೂ ಹಿತವಲ್ಲ. ಮಡ್ಲ್ ಎಂಬುದರ ಮೂಲ ಅರ್ಥ ಕೆಸರು ಮಾಡುವುದು, ನೀರು ಕದಡುವುದು.

ಇವುಗಳ ನಡುವಿನ ದೊಡ್ಡ ವ್ಯತ್ಯಾಸ ಎಷ್ಟು ಜೋರು, ಎಷ್ಟು ಮೆಲ್ಲಗೆ ಎಂಬುದರಲ್ಲಿಲ್ಲ. ತೊಡಕು ಎಲ್ಲಿದೆ ಎಂಬುದರಲ್ಲಿದೆ. ಪರ್ಪ್ಲೆಕ್ಸಿಟಿಯೂ ಬಿವಿಲ್ಡರ್ಮೆಂಟೂ ಮನುಷ್ಯನ ತಲೆಯೊಳಗೆ ಇರುವಂಥವು. ಆಂಬಿಗ್ಯುಇಟಿ ಇರುವುದು ಮಾತಿನಲ್ಲಿ. ಓದುವವನು ಎಷ್ಟೇ ಜಾಣನಾದರೂ ಅದು ಅಲ್ಲೇ ಇರುತ್ತದೆ. ಡಿಲೆಮಾ ಇರುವುದು ಪರಿಸ್ಥಿತಿಯಲ್ಲಿ. ಮಡ್ಲ್ ಇರುವುದು ಹೊರಗಿನ ವಸ್ತುವಿನಲ್ಲಿ, ಹೆಚ್ಚಿನ ಸಲ ಯಾರೋ ಒಬ್ಬರು ಕೈಯಾಡಿಸಿದ್ದರಿಂದ. ಕನ್‌ಫ್ಯೂಷನ್ ಮಾತ್ರ ತಲೆಗೂ ಸಲ್ಲುತ್ತದೆ, ಕಡತಕ್ಕೂ ಸಲ್ಲುತ್ತದೆ. ನಾವು ಆ ಸಡಿಲ ಪದವನ್ನೇ ಹಿಡಿದುಕೊಂಡು ಅದಕ್ಕೆ ‘ಗೊಂದಲ’ ಎಂದು ಹೆಸರಿಟ್ಟು, ಉಳಿದ ಐದನ್ನೂ ಅದರ ಕೆಳಗೆ ಹೂತುಬಿಟ್ಟೆವು. ಹಾಗಾಗಿ ‘ಗೊಂದಲ ಇದೆ’ ಎಂದಾಗ ಆ ಗೊಂದಲ ಕಡತದಲ್ಲಿದೆಯೋ, ಕಾನೂನಿನಲ್ಲಿದೆಯೋ, ಎದುರಿಗೆ ನಿಂತ ಮುದುಕನ ತಲೆಯಲ್ಲಿದೆಯೋ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದೆ ಇರುವುದರಿಂದ ಯಾರಿಗೆ ಅನುಕೂಲ ಎಂದು ಕೇಳಿದರೆ, ಉತ್ತರ ಅಜ್ಜನಿಗಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಇಂಗ್ಲಿಷಿನಷ್ಟು ಸೂಕ್ಷ್ಮ ಪದಗಳು ಕನ್ನಡದಲ್ಲಿ ಇಲ್ಲವಲ್ಲ, ಏನು ಮಾಡುವುದು? ಇದು ಶುದ್ಧ ಸುಳ್ಳು. ಮಲೆನಾಡಿನ ಯಾವುದೇ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಈ ಸುಳ್ಳು ಬಯಲಾಗುತ್ತದೆ. ಒಟ್ಟಿಗೆ ಸುರಿದದ್ದಕ್ಕೆ ನಮ್ಮಲ್ಲಿ ಕಲಸುಮೇಲೋಗರ ಇದೆ. ಎಳೆಗಳು ಹೆಣೆದುಕೊಂಡದ್ದಕ್ಕೆ ಸಿಕ್ಕು ಇದೆ, ಗೋಜಲು ಇದೆ. ದಾರಿ ತಪ್ಪಿದ್ದಕ್ಕೆ ದಿಕ್ಕೆಡುವುದು ಇದೆ. ಕಾಡಿನಲ್ಲಿ ಯಾವುದೋ ಬಳ್ಳಿ ತುಳಿದರೆ ತಿರುಗಿದಲ್ಲೇ ತಿರುಗುತ್ತೀರಿ ಎಂದು ನಂಬಿದ ಜನಕ್ಕೆ ಬಿವಿಲ್ಡರ್ಮೆಂಟ್ ಕಲಿಸಬೇಕಾಗಿಲ್ಲ. ಎರಡು ಕಡೆಗೂ ಹೋಗುವ ಮಾತಿಗೆ ಇಬ್ಬಗೆಯ ಮಾತು ಎನ್ನುತ್ತೇವೆ, ಸಂದಿಗ್ಧ ಎನ್ನುತ್ತೇವೆ. ಎರಡೂ ಹಿತವಲ್ಲದ ದಾರಿಗಳಿಗೆ ಧರ್ಮಸಂಕಟ, ಇಬ್ಬಂದಿ, ಸಾಲದಿದ್ದರೆ ಅತ್ತ ದರಿ ಇತ್ತ ಪುಲಿ. ಕದಡಿದ ನೀರಿಗೆ ಬಗ್ಗಡ. ಕ್ಷಣಮಾತ್ರದ ತಡವರಿಕೆಗೆ ಗಲಿಬಿಲಿ, ಎದುರಿನವರ ಪ್ರಶ್ನೆಗೆ ಬಾಯಿ ಕಟ್ಟಿದರೆ ತಬ್ಬಿಬ್ಬು, ಬೆಚ್ಚಿ ನಿಂತರೆ ಕಕ್ಕಾಬಿಕ್ಕಿ. ಇಂಗ್ಲಿಷಿನ ಚಿತ್ರಗಳೂ ನಮ್ಮ ಚಿತ್ರಗಳೂ ಎಷ್ಟು ಹತ್ತಿರ ಇವೆ ನೋಡಿ! ಇಷ್ಟೆಲ್ಲ ಇದ್ದೂ ನಾವು ಬಳಸುತ್ತಿಲ್ಲ.

ಗೊಂದಲ ಎಂಬ ಪದದ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಕರ್ನಾಟಕದ ಗೊಂದಲಿಗರಿಗೆ ಅದು ಪೂಜೆ. ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ಹಾಡಿ ಕಥೆ ಹೇಳುವ ವಿಧಿ. ಸಂತೆಯ ಸದ್ದಿಗೆ, ಮದುವೆಮನೆಯ ಗದ್ದಲಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಎಲ್ಲದಕ್ಕೂ ಅದನ್ನೇ ದುಡಿಸಿಕೊಳ್ಳುವವರ ಮೇಲೆ ಮಾತ್ರ ನನ್ನ ತಕರಾರು.

ಹೀಗೆ ಬೇರೆ ಬೇರೆಯಾಗಿ ಹೆಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದಲೇ ಕೆಲವು ಉದಾಹರಣೆ ಕೊಡುತ್ತೇನೆ.

ಸಾಗರ ತಾಲ್ಲೂಕಿನ ಕಾಗೋಡು, 1951. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ ಎದ್ದಿತು. ಕೊಳಗಕ್ಕೆ ಮೂರು ಸೇರು ಎಂಬುದು ಲೆಕ್ಕ. ಒಡೆಯರ ಮನೆಯಲ್ಲಿ ಗೇಣಿ ಅಳೆಯುತ್ತಿದ್ದ ಕೊಳಗ ಅದಕ್ಕಿಂತ ದೊಡ್ಡದು. ಎರಡಕ್ಕೂ ಹೆಸರು ಮಾತ್ರ ಒಂದೇ. ಇದು ಇಬ್ಬಗೆ, ಹೆಸರಿನಲ್ಲಿ ಅಡಗಿದ ಮೋಸ. ಎಚ್. ಗಣಪತಿಯಪ್ಪನವರೂ ಅವರ ಜೊತೆಗಿದ್ದ ಗೇಣಿದಾರರೂ ಯಾವ ಗೊಂದಲದಲ್ಲೂ ಇರಲಿಲ್ಲ. ಯಾವ ಕೊಳಗ ಎಷ್ಟು ಹಿಡಿಯುತ್ತದೆ ಎಂದು ಅವರ ತೋಳುಗಳಿಗೆ ಗೊತ್ತಿತ್ತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದದ್ದು, ಮುಂದೆ 1974ರ ಭೂಸುಧಾರಣೆಯ ತನಕ ಆ ಎಳೆ ಹರಿದದ್ದು ಎಲ್ಲರಿಗೂ ತಿಳಿದ ಚರಿತ್ರೆ. ಆಗ ಯಾರಾದರೂ ‘ಅಳತೆಯಲ್ಲಿ ಸ್ವಲ್ಪ ಗೊಂದಲ ಇದೆ’ ಎಂದು ಸಮಾಧಾನ ಹೇಳಿ, ರೈತರು ಒಪ್ಪಿಕೊಂಡಿದ್ದರೆ? ಗೊಂದಲಕ್ಕೆ ವಿವರಣೆ ಸಾಕು. ಇಬ್ಬಗೆಗೆ ಒಂದು ಅಳತೆಯನ್ನು ಮುರಿಯಬೇಕು.

ಇನ್ನು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಮೇಲೆ ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಂತ ಹೊಳೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಿದ ಊರುಗಳ ಜನರನ್ನು ತಂದು ಕಾಡಿನ ಜಾಗಗಳಲ್ಲಿ ಕೂರಿಸಿದರು. ಜಾಗ ಕೊಟ್ಟವರು ಅದನ್ನು ಅರಣ್ಯದ ದಾಖಲೆಯಿಂದ ಬಿಡಿಸಿ ಅವರ ಹೆಸರಿಗೆ ಮಾಡುವ ಕೆಲಸ ಮುಗಿಸಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿ ಬಿಡುವಂತಿಲ್ಲ. ಆ ಒಪ್ಪಿಗೆ ಪಡೆಯದೆಯೇ ರಾಜ್ಯ ಹೊರಡಿಸಿದ್ದ ಅಧಿಸೂಚನೆಗಳನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಇಷ್ಟನ್ನೂ ನಮ್ಮ ಸುದ್ದಿಗಳು ‘ಅರಣ್ಯ–ಕಂದಾಯ ಗೊಂದಲ’ ಎಂಬ ಎರಡು ಪದದಲ್ಲಿ ಮುಗಿಸುತ್ತವೆ.

ಕಡತ ನೋಡಿದರೆ ಕಲಸುಮೇಲೋಗರ ನಿಜ. ಒಂದೇ ಜಾಗ ಒಂದು ಇಲಾಖೆಯ ಪುಸ್ತಕದಲ್ಲಿ ಕಾಡು, ಇನ್ನೊಂದರಲ್ಲಿ ಊರು. ಆದರೆ ಅದು ಪರಿಣಾಮ, ಕಾರಣವಲ್ಲ. ಕಾರಣಕ್ಕೆ ಕನ್ನಡದಲ್ಲಿ ಬಹಳ ಸಾಮಾನ್ಯವಾದ, ಪ್ರತಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇರುವ ಪದವೊಂದಿದೆ. ಬಾಕಿ. ಸರ್ಕಾರ ಮನೆ ತೆಗೆದುಕೊಂಡಿತು, ಗದ್ದೆ ತೆಗೆದುಕೊಂಡಿತು, ಅದರ ಮೇಲೆ ನೀರು ನಿಲ್ಲಿಸಿ ಕರೆಂಟು ಮಾಡಿತು. ಕೊಡಬೇಕಾದದ್ದನ್ನು ಪೂರ್ತಿ ಕೊಡಲಿಲ್ಲ. ಬಾಕಿ ಎಂದಾಗ ಕೊಡಬೇಕಾದವನೊಬ್ಬ, ಪಡೆಯಬೇಕಾದವನೊಬ್ಬ, ಎಂದಿನಿಂದ ಎಂಬ ತಾರೀಕು, ಮೂರೂ ವಾಕ್ಯದೊಳಗೆ ಬಂದು ಕೂರುತ್ತವೆ. ಗೊಂದಲ ಎಂದಾಗ ಮೂರೂ ಎದ್ದು ಹೋಗುತ್ತವೆ.

ಹಾಗಾದರೆ ಕಾನೂನಿನಲ್ಲಿ ನಿಜವಾದ ಸಂದಿಗ್ಧವೇ ಇಲ್ಲವೆ? ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನು ನಂಬಿ ಬದುಕಿರಬೇಕು. 75 ವರ್ಷ ಇದೇ ಸರ್ವೆ ನಂಬರಿನಲ್ಲಿ ಇರಬೇಕೆ, ಅಥವಾ ಕಾಡಿನ ನೆಲೆಯಲ್ಲಿ ಎಲ್ಲಿದ್ದರೂ ಆದೀತೆ? ಮೊದಲನೆಯ ಓದಿನ ಪ್ರಕಾರ 1960ರ ದಶಕದಲ್ಲಿ ಲಾರಿಯಿಂದ ಇಳಿದವರಿಗೆ ಬಾಗಿಲು ಮುಚ್ಚಿತು. ಎರಡನೆಯ ಓದಿನಲ್ಲಿ, ಈಗ ನೀರಿನಡಿ ಇರುವ ಹಳೆಯ ಊರಿನ ವರ್ಷಗಳೂ ಲೆಕ್ಕಕ್ಕೆ ಬಂದು, ಬಾಗಿಲು ಕೊಂಚವಾದರೂ ತೆರೆಯುತ್ತದೆ. ಇದು ಸಂದಿಗ್ಧ. ಇದರ ಮದ್ದು ವ್ಯಾಖ್ಯಾನ. ಕಾಯ್ದೆ ಓದಬಲ್ಲವರು ಕೂತು ಒಂದು ಓದನ್ನು ಖಚಿತಪಡಿಸಬೇಕು. ಅದನ್ನೂ ‘ಗೊಂದಲ’ ಎಂದು ಕರೆದರೆ, ಮದ್ದು ಇರುವ ಕಾಯಿಲೆಯನ್ನೂ ಮದ್ದಿಲ್ಲದ ಕಾಯಿಲೆಗಳ ವಾರ್ಡಿಗೆ ಹಾಕಿದಂತೆ.

ಪಶ್ಚಿಮಘಟ್ಟದ ವರದಿಗಳ ಕಥೆ ಇನ್ನೊಂದು ಬಗೆ. ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಕೇಂದ್ರ ಕರಡು ಅಧಿಸೂಚನೆ ಹೊರಡಿಸುತ್ತಲೇ ಬಂದಿದೆ. ಆರನೆಯದು ಬಂದದ್ದು 2024ರ ಜುಲೈ 31ರಂದು. ಗಾಡ್ಗೀಳರು ವರದಿಯನ್ನು ಜನರ ಭಾಷೆಗೆ ತಂದು ಗ್ರಾಮಸಭೆಗಳಲ್ಲಿ ಚರ್ಚಿಸಬೇಕು ಎಂದು ಹೇಳುತ್ತ ಬಂದವರು. ನಮ್ಮ ಊರುಗಳಿಗೆ ಮೊದಲು ತಲುಪಿದ್ದು ವರದಿಯಲ್ಲ, ಅದರ ಕುರಿತ ಭಾಷಣ: ‘ಇನ್ನು ದನ ಸಾಕುವಂತಿಲ್ಲ, ಮನೆಗೆ ಹಂಚು ಹೊದಿಸುವಂತಿಲ್ಲ.’ ಇದು ಬಗ್ಗಡ. ಮಳೆಗಾಲದಲ್ಲಿ ಹಳ್ಳದ ನೀರು ತಾನಾಗಿ ಬಗ್ಗಡವಾಗುವುದುಂಟು. ಬೇಸಿಗೆಯಲ್ಲಿ ಬಗ್ಗಡವಾದರೆ ಮೇಲ್ಗಡೆ ಯಾರೋ ಕದಡಿ ಮೀನು ಹಿಡಿಯುತ್ತಿದ್ದಾರೆ ಎಂದರ್ಥ. ‘ಜನರಲ್ಲಿ ಗೊಂದಲ ಮೂಡಿದೆ’ ಎಂದು ಬರೆಯುವ ಪತ್ರಕರ್ತರು ಹಳ್ಳದ ಮೇಲ್ಗಡೆ ಒಮ್ಮೆ ನಡೆದು ನೋಡಬೇಕು. ಗೊಂದಲ ಮೂಡುವುದಿಲ್ಲ, ಅಣಬೆಯೇ ಅದು?

ಪಕ್ಷಪಾತ ಮಾಡಬಾರದು. ಮೇಜಿನ ಆ ಬದಿಯವರಿಗೂ ಒಂದು ಸರಿಯಾದ ಪದ ಸಲ್ಲಬೇಕು. ಒಂದು ಕಡೆ ಕಾಯ್ದೆ, ಇನ್ನೊಂದು ಕಡೆ ಅರವತ್ತು ವರ್ಷ ತೋಟ ಮಾಡಿದ ಮುದುಕ. ಸಹಿ ಹಾಕಿದರೆ ಕೋರ್ಟು, ಹಾಕದಿದ್ದರೆ ಶಾಪ. ಇದು ಧರ್ಮಸಂಕಟ. ಅವರು ‘ಯಜಮಾನ್ರೇ, ನಾನು ಧರ್ಮಸಂಕಟದಲ್ಲಿದ್ದೇನೆ’ ಎಂದಿದ್ದರೆ ಅಜ್ಜನಿಗೆ ಅರ್ಥವಾಗುತ್ತಿತ್ತು, ಪ್ರಾಯಶಃ ಮರುಕವೂ ಬರುತ್ತಿತ್ತು. ಆ ಮಾತು ಆಡಲು ತಾನು ಆಯ್ಕೆ ಮಾಡಬೇಕಾದ ಮನುಷ್ಯ ಎಂದು ಒಪ್ಪಿಕೊಳ್ಳಬೇಕು. ‘ಗೊಂದಲ ಇದೆ’ ಎಂದರೆ ಆ ಕಷ್ಟವಿಲ್ಲ. ಹೊರಗೆ ಮಳೆ ಇದೆ ಎಂದಷ್ಟೇ ಸಲೀಸು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೆಲ್ಲ ದೂರದ ಮಾತು ಅನ್ನಿಸಿದರೆ, ‘ಸಂಸ್ಕಾರ’ವನ್ನು ತೆಗೆದುಕೊಳ್ಳಿ. ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಈ ಕಾದಂಬರಿ ಬಂದು 60 ವರ್ಷವಾಯಿತು. ‘ಪ್ರಾಣೇಶಾಚಾರ್ಯರ ಗೊಂದಲ’ ಎಂಬ ಉತ್ತರ ಇನ್ನೂ ನೋಟ್ಸುಗಳಲ್ಲಿ ಓಡಾಡುತ್ತಿದೆ. ಆಚಾರ್ಯರಿಗೆ ಮೊದಲು ಎದುರಾಗುವುದು ಧರ್ಮಸಂಕಟ. ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ. ಆಗ ಅವರ ತಲೆ ನಿಚ್ಚಳವಾಗಿಯೇ ಇದೆ. ಗ್ರಂಥ ಹುಡುಕುತ್ತಾರೆ, ದೇವರನ್ನು ಕೇಳುತ್ತಾರೆ. ಕಾಡಿನಲ್ಲಿ ಚಂದ್ರಿಯ ಭೇಟಿಯ ನಂತರದ್ದು ಬೇರೆಯೇ. ಆಗ ಅವರು ದಿಕ್ಕೆಟ್ಟವರು. ಊರು ಬಿಟ್ಟು, ಪುಟ್ಟನ ಬೆನ್ನಿಗೆ ಬಿದ್ದು ಮೇಳಿಗೆಯ ತೇರಿಗೆ ಹೋಗುವ ಮನುಷ್ಯನಿಗೆ ಎದುರು ಎರಡು ದಾರಿಗಳಿಲ್ಲ, ದಾರಿಯೇ ಇಲ್ಲ. ಕಾದಂಬರಿ ನಡೆಯುವುದೇ ಧರ್ಮಸಂಕಟದಿಂದ ದಿಕ್ಕೆಡುವಿಕೆಯ ಕಡೆಗೆ. ಎರಡನ್ನೂ ಗೊಂದಲ ಎಂದರೆ ಆ ನಡಿಗೆಯನ್ನೇ ಅಳಿಸಿದಂತೆ. ಆಮೇಲೆ ಉಳಿಯುವುದು ಹೆಣದ ಕಥೆ ಮಾತ್ರ.

ಕೊನೆಯ ಆಕ್ಷೇಪ ನನ್ನ ಗೆಳೆಯರದ್ದೇ: ‘ಪದ ಬದಲಾಯಿಸಿದರೆ ಹಕ್ಕುಪತ್ರ ಬರುತ್ತದಾ?’ ಬರುವುದಿಲ್ಲ. ಆದರೆ ನಮ್ಮ ಕಡೆಯವರಿಗೆ ಇದಕ್ಕೆ ಉತ್ತರ ಕಾಯಿಲೆಯೊಂದು ಕಲಿಸಿದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಜ್ವರದಿಂದ ಸತ್ತರು. ಅದನ್ನು ಬರೀ ಜ್ವರ ಎಂದು ಬಿಟ್ಟಿದ್ದರೆ ಇಂದಿಗೂ ಜ್ವರದ ಮಾತ್ರೆಯೇ ಗತಿ. ಇದು ಬೇರೆ, ಇದರ ವೈರಸ್ ಬೇರೆ, ಹರಡುವುದು ಉಣುಗಿನಿಂದ ಎಂದು ಬೇರ್ಪಡಿಸಿ ಹೆಸರಿಟ್ಟ ಮೇಲೆ ಕಾಡಿಗೆ ಹೋಗುವಾಗ ಮೈಗೆ ಏನು ಹಚ್ಚಿಕೊಳ್ಳಬೇಕು ಎಂಬ ಮಾತು ಶುರುವಾಯಿತು. ಹೆಸರಿನಿಂದ ಕಾಯಿಲೆ ವಾಸಿಯಾಗಲಿಲ್ಲ. ಯಾವ ಕಡೆ ಹುಡುಕಬೇಕು ಎಂದು ಗೊತ್ತಾಯಿತು.

ಸಂದರ್ಭದಿಂದ ಅರ್ಥ ಗೊತ್ತಾಗುತ್ತದಲ್ಲ ಎನ್ನುವವರೂ ಇದ್ದಾರೆ. ಜಗಲಿಯ ಮಾತಿನಲ್ಲಿ ಗೊತ್ತಾಗುತ್ತದೆ. ಕಡತ ಮೇಜಿನಿಂದ ಮೇಜಿಗೆ ಹೋಗುವಾಗ ಸಂದರ್ಭ ಅದರ ಜೊತೆ ಹೋಗುವುದಿಲ್ಲ, ಪದ ಒಂದೇ ಹೋಗುತ್ತದೆ. ಪ್ರಬಂಧಗಳ ಹಣೆಬರಹವೂ ಹಾಗೆಯೇ.

ಹಾಗಾಗಿ ಬರೆಯುವ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮುಂದಿನ ಸಲ ‘ಗೊಂದಲ’ ಎಂದು ಬರೆಯುವ ಮೊದಲು ಮೂರು ಪ್ರಶ್ನೆ ಹಾಕಿಕೊಳ್ಳಿ. ಅದು ಎಲ್ಲಿದೆ, ತಲೆಯಲ್ಲೋ ಮಾತಿನಲ್ಲೋ ಕಡತದಲ್ಲೋ? ತಾನಾಗಿ ಆಯಿತೋ, ಯಾರಾದರೂ ಮಾಡಿದರೋ? ಬಿಡಿಸಲು ವಿವರಣೆ ಸಾಕೋ, ತೀರ್ಮಾನ ಬೇಕೋ, ಬಾಕಿ ತೀರಿಸಬೇಕೋ? ಮೂರಕ್ಕೂ ಉತ್ತರ ಸಿಕ್ಕಮೇಲೂ ಗೊಂದಲವೇ ಸರಿಯಾದ ಪದ ಅನ್ನಿಸಿದರೆ ಧಾರಾಳವಾಗಿ ಬರೆಯಿರಿ. ನನ್ನ ಅಧ್ಯಾಯದಲ್ಲಿ 17ರಲ್ಲಿ ಈಗ ಎರಡು ಉಳಿದಿವೆ. ಒಂದು, ಪುನರ್ವಸತಿ ಸಭೆಯೊಂದರ ಗದ್ದಲ. ಇನ್ನೊಂದು, ನಿಜವಾಗಿ ನನ್ನದೇ.

ಅಜ್ಜನ ಅರ್ಜಿಯನ್ನೂ ಹೊಸದಾಗಿ ಬರೆದುಕೊಟ್ಟೆ. ಹಳೆಯದರಲ್ಲಿ ‘ದಾಖಲೆಗಳ ಗೊಂದಲ ಸರಿಪಡಿಸಿಕೊಡುವಂತೆ ಕೋರಿ’ ಎಂದಿತ್ತು. ಅದನ್ನು ಬರೆದುಕೊಟ್ಟವನೂ ನಾನೇ. ಈಗ ‘ಮುಳುಗಡೆಯಿಂದ ಎಬ್ಬಿಸಿ ಕೂರಿಸಿದ ದಿನದಿಂದ ಬಾಕಿ ಇರುವ ಹಕ್ಕುಪತ್ರ ಕೊಡುವಂತೆ ಕೋರಿ’ ಎಂದಿದೆ. ಕಡತ ಇನ್ನೂ ಇದ್ದಲ್ಲೇ ಇದೆ. ಆದರೆ ಈ ಸಲ ಮೇಜಿನ ಆ ಬದಿಯವರು ಮೊದಲ ಸಾಲು ಓದಿ ತಲೆ ಎತ್ತಿ, ‘ಯಾವ ವರ್ಷದಿಂದ ಬಾಕಿ, ಯಜಮಾನ್ರೇ?’ ಎಂದು ಕೇಳಿದರು. ಅಜ್ಜ ವರ್ಷ ಹೇಳಿದರು. ತಿಂಗಳನ್ನೂ ಹೇಳಿದರು. ಅವತ್ತು ಮಳೆ ಬರುತ್ತಿತ್ತು ಎಂಬುದನ್ನೂ ಹೇಳಿದರು.